ಮೈಕ್ ರೌಫ್ ಮಾಡಿದ ದಾನಿ

ದಾವಣಗೆರೆಯಲ್ಲಿ ದಾನ ಮಾಡಬೇಕೆಂದರೆ ಎರಡು ಬೇಕಿತ್ತು. ಒಂದು ದುಡ್ಡು, ಇನ್ನೊಂದು ರೌಫ್. ದುಡ್ಡು ಬಿಚ್ಚದೆ ದಾನಿಗಳಾದವರನ್ನು ಆ ಊರು ಬೇಕಾದಷ್ಟು ಕಂಡಿದೆ. ರೌಫ್ ಇಲ್ಲದೆ ಆದವರನ್ನು ಮಾತ್ರ ಯಾರೂ ಕಂಡಿರಲಿಲ್ಲ.

ರೌಫ್ ಎಂದರೆ ಮೈಕ್ ರೌಫ್. ಅವನಪ್ಪ ಮುನಿಸಿಪಾಲಿಟಿಯ ಡಂಗುರ ಹೊಡೆಯುತ್ತಿದ್ದ. ಎರಡು ದಿನ ನಲ್ಲಿ ನೀರಿಲ್ಲ, ಕಂದಾಯ ಕಟ್ಟಿ, ಬೀದಿನಾಯಿ ಹಿಡಿಯುವವರು ಬರುತ್ತಾರೆ ಎಂದು ಓಣಿ ಓಣಿ ಕೂಗಿ, ಜೀವಮಾನವೆಲ್ಲ ಕೆಟ್ಟ ಸುದ್ದಿಯನ್ನೇ ಸಾರಿ, ಊರಿನವರಿಂದ ಬೈಸಿಕೊಂಡು ಸತ್ತ. ಮಗ ಆ ತಪ್ಪು ಮಾಡಲಿಲ್ಲ. ಹುಬ್ಬಳ್ಳಿಯಿಂದ ಹಳೆಯ ಆಂಪ್ಲಿಫಯರ್ ಒಂದನ್ನು ತಂದ, ಲಾರಿ ಬ್ಯಾಟರಿ ಹೊಂದಿಸಿದ, ಬಾಡಿಗೆ ಜಟಕಾದ ಹಿಂದೊಂದು ಮುಂದೊಂದು ಹಾರ್ನ್ ಕಟ್ಟಿದ, ಜನ ಕೇಳಬೇಕೆಂದಿರುವುದನ್ನಷ್ಟೇ ಹೇಳಲು ಶುರುಮಾಡಿದ. ಸಿನಿಮಾ ಬಂತೆಂದು ಹೇಳಿದ, ಎಲೆಕ್ಷನ್ನಿನಲ್ಲಿ ಎರಡೂ ಪಕ್ಷದವರನ್ನು ಒಂದೇ ಗಂಟಲಿನಲ್ಲಿ ಹೊಗಳಿದ. ಕಡೆಗೆ, ಜನ ಎಲ್ಲಕ್ಕಿಂತ ಹೆಚ್ಚು ಕೇಳಲು ಇಷ್ಟಪಡುವುದು ಅವರವರ ಹೆಸರನ್ನೇ ಎಂದು ಕಂಡುಕೊಂಡ. ಅಲ್ಲಿಂದ ಅವನ ಸಂಸಾರಕ್ಕೆ ಊಟದ ಚಿಂತೆ ಇರಲಿಲ್ಲ.

ಅವನ ಬಳಿ ಬಿರುದುಗಳ ಒಂದು ಮೆಟ್ಟಿಲಿತ್ತು. ಐದು ರೂಪಾಯಿ ಕೊಟ್ಟವರು ಬರೀ ದಾನಿಗಳು, ಇಪ್ಪತ್ತೈದು ಕೊಟ್ಟವರು ಕೊಡುಗೈ ದಾನಿಗಳು, ಐವತ್ತಕ್ಕೆ ಧರ್ಮಪ್ರಭುಗಳು, ನೂರು ದಾಟಿದರೆ ಅಭಿನವ ಕರ್ಣ. ಒಮ್ಮೆ ಎಣ್ಣೆ ಅಂಗಡಿಯ ಸಾಹುಕಾರನೊಬ್ಬ ಜಟಕಾದ ಮುಂದೆ ಬಂದು ನಿಂತು, "ಹೋದ ವರ್ಷ ಧರ್ಮಪ್ರಭು ಅಂದಿದ್ದಿ, ಈ ಸಲ ಕೊಡುಗೈಗೆ ಇಳಿಸೀಯಲ್ಲೋ" ಎಂದು ಜಗಳ ತೆಗೆದ. ರೌಫ್ ಮೈಕು ಮುಚ್ಚಿಕೊಂಡು, "ಕೈ ಸಣ್ಣದಾದ್ರೆ ಬಾಯಿ ಹೆಂಗ ದೊಡ್ಡದಾಗ್ತೈತ್ರಿ ಸಾಹುಕಾರ್ರೆ" ಎಂದ. ಸಾಹುಕಾರ ಅಲ್ಲೇ ಜೇಬಿಗೆ ಕೈಹಾಕಿ ಇನ್ನೊಂದಿಪ್ಪತ್ತೈದು ಕೊಟ್ಟು ತನ್ನ ಹಳೆಯ ಬಿರುದು ಬಿಡಿಸಿಕೊಂಡು ಹೋದ.

ಇಂಥ ರೌಫ್‌ನನ್ನು ಬಿಟ್ಟು ಒಂದು ಹೆಜ್ಜೆಯನ್ನೂ ಇಡದಿದ್ದವರು ಸೇವಾಮಿತ್ರ ಕ್ಲಬ್ಬಿನವರು. ಅಧ್ಯಕ್ಷರು ಚೌಕಿಪೇಟೆಯ ಬಟ್ಟೆ ಸಾಹುಕಾರ ಪಂಚಾಕ್ಷರಪ್ಪ, ಕಾರ್ಯದರ್ಶಿ ಹತ್ತಿ ಮಂಡಿಯ ಕಲ್ಲೇಶಪ್ಪ. ಪ್ರತಿ ಭಾನುವಾರ ಬೆಳಿಗ್ಗೆ ಸದಸ್ಯರು ಬಿಸಿಲಿನಲ್ಲೂ ಕೋಟು ತೊಟ್ಟು ಬಂದು, ಹಿತ್ತಾಳೆ ಗಂಟೆ ಬಾರಿಸಿ ಸಭೆ ಶುರುಮಾಡಿ, ತಲಾ ಎರಡು ಬೆಣ್ಣೆ ದೋಸೆ ತಿಂದು ಬಡವರಿಗಾಗಿ ಮರುಗುತ್ತಿದ್ದರು. ಅವರ ಕಷ್ಟವೇನೆಂದರೆ ಬಡತನ ಫೋಟೋದಲ್ಲಿ ಚೆನ್ನಾಗಿ ಬರುವುದಿಲ್ಲ. ಅದಕ್ಕೊಂದು ಅನಾಹುತ ಬೇಕು. ಎರಡು ವರ್ಷದಿಂದ ಊರಿನಲ್ಲಿ ಹೇಳಿಕೊಳ್ಳುವಂಥ ಅನಾಹುತವೊಂದೂ ಆಗಿರಲಿಲ್ಲ. ಹುಬ್ಬಳ್ಳಿಯಲ್ಲಿದ್ದ ಗವರ್ನರ್, ಅಂದರೆ ಇಂಥ ಕ್ಲಬ್ಬುಗಳಿಗೆಲ್ಲ ಹಿರಿಯ, ನಿಮ್ಮ ಸೇವೆ ಏನೂ ಕಾಣಿಸುತ್ತಿಲ್ಲವಲ್ಲ ಎಂದು ಕಾಗದ ಬರೆದಿದ್ದ.

ಹಾಗಾಗಿ ಎಪ್ಪತ್ತೆಂಟರ ಹೋಳಿ ಹುಣ್ಣಿಮೆ ಕಳೆದ ವಾರ ಮಂಡಕ್ಕಿ ಭಟ್ಟಿಯ ಓಣಿಗೆ ಬೆಂಕಿ ಬಿದ್ದಾಗ ಕ್ಲಬ್ಬಿನವರಿಗೆ ತುಂಬ ದುಃಖವಾಯಿತು, ದುಃಖದ ಒಳಗೆ ಎಲ್ಲೋ ಒಂದಿಷ್ಟು ನೆಮ್ಮದಿಯೂ ಆಯಿತು.

ಭಟ್ಟಿಗೆ ಉರುವಲು ಭತ್ತದ ಹೊಟ್ಟು. ಮಧ್ಯಾಹ್ನದ ಗಾಳಿಗೆ ಹೊಟ್ಟಿನ ಕಿಡಿ ಹಾರಿ ಗರಿಯ ಮಾಡುಗಳ ಮೇಲೆ ಕೂತಿತು. ಜನ ಕೊಡ ಹಿಡಿದು ಬರುವಷ್ಟರಲ್ಲಿ ಏಳು ಮನೆಗಳ ಮಾಡು ಹೋಗಿತ್ತು. ಜೀವಕ್ಕೆ ಅಪಾಯವಾಗಲಿಲ್ಲ. ರೌಫ್‌ನ ಮನೆ ಹೆಂಚಿನದು, ಅದೇ ಓಣಿಯ ಕೊನೆಗಿತ್ತು, ಉಳಿಯಿತು. ಅವನ ಮನೆಯಿಂದ ಮೂರನೆಯದು ಮಾಬೂಬಿಯದು. ಅದರ ಗೋಡೆ ನಾಲ್ಕು ನಿಂತಿದ್ದವು, ಮೇಲೆ ಆಕಾಶ ಬಿಟ್ಟರೆ ಏನೂ ಇರಲಿಲ್ಲ.

ಮಾಬೂಬಿಗೆ ಗಂಡ ತೀರಿಕೊಂಡು ಎಂಟು ವರ್ಷ. ಕಾದ ಮರಳಿನಲ್ಲಿ ಅಕ್ಕಿ ಹುರಿದು, ಜರಡಿ ಆಡಿಸಿ, ಒಬ್ಬಳೇ ಮಗಳು ಮುಮ್ತಾಜ್‌ಳನ್ನು ಸಾಕಿದ್ದಳು. ಮಗಳಿಗೆ ಹರಿಹರದ ಸಂಬಂಧ ಗೊತ್ತಾಗಿತ್ತು. ಹುಡುಗನ ತಂದೆ ಹಯಾತ್ ಸಾಬ್ ಅಲ್ಲಿನ ಪೇಟೆಯಲ್ಲಿ ತಗಡಿನ ಅಂಗಡಿ ಇಟ್ಟವರು, ಟ್ರಂಕು ಬಕೆಟ್ಟು ಮಾಡಿ ಮಾರುವವರು. ಹುಡುಗಿ ನೋಡಲು ಬಂದಾಗ ಅವರು ಗಡಿಯಾರ ಕೇಳಲಿಲ್ಲ, ಸೈಕಲ್ ಕೇಳಲಿಲ್ಲ, ಚಹಾ ಕುಡಿದು ಹೂಂ ಅಂದು ಹೋಗಿದ್ದರು. ಮೇ ಕೊನೆಗೆ, ಮಳೆ ಹಿಡಿಯುವ ಮುಂಚೆ ನಿಕಾಹ್ ಎಂದು ಮಾತಾಗಿತ್ತು. ಏನೂ ಕೇಳದವರ ಮುಂದೆ ಏನೂ ಇಲ್ಲದವಳಾಗಿ ನಿಲ್ಲುವುದು ಮಾಬೂಬಿಗೆ ಸಾವಿಗಿಂತ ಕಷ್ಟವೆನಿಸಿತು. ಬೆಂಕಿಯ ಸುದ್ದಿ ಕೇಳಿ ಹರಿಹರದಿಂದ ಆಳು ಬಂದಾಗ, ಓಣಿಯ ಬಾಯಿಯಲ್ಲೇ ಅವನನ್ನು ತಡೆದು, "ನಮ್ಮನೇಗೆ ಬರೀ ಹೊಗೆ ಬಡಿದೈತೆ, ಅಲ್ಲಾ ಕಾಪಾಡಿದ ಅಂತ ಹೇಳಪ್ಪ" ಎಂದು ಕಳಿಸಿಬಿಟ್ಟಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಆಮೇಲೆ ತಾಯಿ ಮಗಳು ಕೂತು ಗೋಣಿಚೀಲ ಹೊಲಿದು ಒಂದು ಮೂಲೆಗೆ ನೆರಳು ಮಾಡಿಕೊಂಡರು.

ಕ್ಲಬ್ಬಿನ ಮೆರವಣಿಗೆ ಹೊರಟಿತು. ನಾಲ್ಕು ಜನ ಸಾಹುಕಾರರು ಒಂದು ಬಿಳಿ ದುಪ್ಪಟಿಯ ನಾಲ್ಕು ಮೂಲೆ ಹಿಡಿದರು, ಫೋಟೋದವನು ಯಾವ ಕಡೆ ಬಂದರೂ ಆ ಕಡೆಯ ಮೂಲೆ ಪಂಚಾಕ್ಷರಪ್ಪನವರ ಕೈಗೆ ಹೋಗುತ್ತಿತ್ತು. ಮುಂದೆ ಜಟಕಾದಲ್ಲಿ ರೌಫ್. "ಮಹಾಜನಗಳೇ, ನಮ್ಮ ನೆರೆಹೊರೆಯ ಬಂಧುಗಳ ಸೂರು ಸುಟ್ಟಿದೆ, ನಿಮ್ಮ ಕೈ ಬಿಚ್ಚಿ" ಎಂದು ಅವನು ಕೂಗಿದರೆ ಕಟುಕರ ಕಣ್ಣಲ್ಲೂ ನೀರು ಬರುತ್ತಿತ್ತು. ದಾವಣಗೆರೆ ಮುಗಿಸಿ ಮರುದಿನ ಹರಿಹರಕ್ಕೂ ಹೋದರು. ಹಯಾತ್ ಸಾಬರ ಅಂಗಡಿಯಿದ್ದ ಬೀದಿಯಲ್ಲಿ ರೌಫ್ ಯಾರ ಹೆಸರೂ ಹೇಳದೆ, "ಭಟ್ಟಿ ಕಾರ್ಮಿಕರು" ಎಂದಷ್ಟೇ ಹೇಳಿ ಕುದುರೆಯನ್ನು ಬೇಗ ಓಡಿಸಿದ.

ಎರಡು ದಿನ ಬಿಟ್ಟು ಹರಿಹರದಿಂದ ಒಂದು ಎತ್ತಿನ ಗಾಡಿ ಕ್ಲಬ್ಬಿನ ಮುಂದೆ ಬಂದು ನಿಂತಿತು. ಗಾಡಿಯಲ್ಲಿ ಹತ್ತು ಹೊಸ ತಗಡು, ಜೊತೆಗೆ ಕಲ್ಲೇಶಪ್ಪನವರಿಗೆ ಒಂದು ಚೀಟಿ. ತಗಡು ಸುಟ್ಟ ಮನೆಗಳಲ್ಲಿ ಯಾರಾದರೂ ವಿಧವೆ ಇದ್ದರೆ ಅವಳ ಮನೆಗೆ ಹಾಕಿಸಬೇಕು, ಕೊಟ್ಟವನ ಹೆಸರು ಮೈಕಿನಲ್ಲಿ ಬರಬಾರದು. ಕಲ್ಲೇಶಪ್ಪ ಇದನ್ನು ಇಂಗ್ಲಿಷಿಗೆ ಹಾಕಿ ಫೈಲಿನಲ್ಲಿಟ್ಟು, ರೌಫ್‌ಗೆ ಒಂದೇ ಮಾತು ಹೇಳಿದರು, "ಒಬ್ರು ತಗಡು ಕೊಟ್ಟಾರೆ, ನೇಮ್ ಅನೌನ್ಸ್ ಮಾಡೋದು ಬ್ಯಾಡಂತೆ." ರೌಫ್‌ಗೆ ಇದು ಅರ್ಥವೇ ಆಗಲಿಲ್ಲ. ಕಳ್ಳ ಮಾಲಿರಬೇಕು ಎಂದುಕೊಂಡ.

ಸಹಾಯ ಹಂಚುವ ಸಮಾರಂಭಕ್ಕೆ ಹುಬ್ಬಳ್ಳಿಯ ಗವರ್ನರೇ ಬರುವುದೆಂದು ಗೊತ್ತಾಯಿತು. ಕ್ಲಬ್ಬಿನ ಕ್ರಮ ಹೀಗಿತ್ತು. ಸಂತ್ರಸ್ತರು ವೇದಿಕೆ ಮೇಲೆ ಸಾಲಾಗಿ ಕೂರಬೇಕು, ಹೆಸರು ಕೂಗಿದಾಗ ಒಬ್ಬೊಬ್ಬರೇ ಎದ್ದು ಬರಬೇಕು, ಕೊಡುವವರು ಪಡೆಯುವವರು ಇಬ್ಬರೂ ಕ್ಯಾಮೆರಾ ಕಡೆ ನೋಡಬೇಕು. ಅತಿಥಿಗಳಿಗೆ ಮಂಡಕ್ಕಿ ಮಿರ್ಚಿಯ ವ್ಯವಸ್ಥೆಯಿತ್ತು. ಮಂಡಕ್ಕಿಯನ್ನು ತರಲು ಸಂತ್ರಸ್ತರಿಗೇ ಹೇಳಿದ್ದರು, ಹೇಗೂ ಬರುವವರಲ್ಲವೇ.

ಮೂರು ದಿನ ಮೊದಲು ಮಾಬೂಬಿ ರೌಫ್‌ನ ಮನೆಗೆ ಬಂದು ಬಾಗಿಲ ಬಳಿ ಕೂತಳು.

"ರೌಫ್, ನನ್ನ ಹೆಸ್ರು ಕೂಗಬ್ಯಾಡಪ್ಪ. ಹರಿಹರದ ವ್ಯಾಪಾರಸ್ಥರು ಬಂದಿರ್ತಾರೆ. ದಾನ ತಗಂಡ ಮನೆ ಹುಡುಗಿ ಅಂತ ನನ್ ಮಗಳನ್ನ ಜೀವ ಇರೋತನಕ ಅಂತಾರೆ."

"ಹೆಸ್ರು ಕೂಗದಿದ್ರೆ ಕೊಡಂಗಿಲ್ಲ ಆಪಾ."

"ಸೂರೂ ಬೇಕು, ಮಾನವೂ ಬೇಕು. ಏನರೆ ಮಾಡು."

ರೌಫ್ ಅಧ್ಯಕ್ಷರ ಅಂಗಡಿಗೆ ಹೋಗಿ, ಈ ಒಂದು ಮನೆಯದನ್ನು ಮನೆಗೇ ಕೊಟ್ಟುಬಿಡಿ ಎಂದು ಬೇಡಿಕೊಂಡ. ಪಂಚಾಕ್ಷರಪ್ಪ ಗಿರಾಕಿಗೆ ಸೀರೆ ಬಿಚ್ಚಿ ತೋರಿಸುತ್ತಲೇ, "ಯಾರಿಗೂ ಕಾಣದಂಗ ಕೊಟ್ರೆ ಅದನ್ನ ದಾನ ಅಂತಾರೇನೋ ರೌಫಾ, ಲಂಚ ಅಂತಾರೆ" ಎಂದರು.

ಸಮಾರಂಭದ ದಿನ ಮೈದಾನ ತುಂಬಿತ್ತು. ಗವರ್ನರ್ ಒಂದು ಗಂಟೆ ಮಾತಾಡಿದ. ರೌಫ್ ಪಟ್ಟಿ ಹಿಡಿದು ಆರು ಸಂತ್ರಸ್ತರನ್ನು ಕೂಗಿದ. ಏಳನೆಯ ಕುರ್ಚಿಯಲ್ಲಿ ಮಾಬೂಬಿ ಸೆರಗನ್ನು ಕಣ್ಣಿನ ತನಕ ಎಳೆದುಕೊಂಡು ಕೂತಿದ್ದಳು. ಮುಂದಿನ ಸಾಲಿನಲ್ಲಿ ಹರಿಹರದ ನಾಲ್ವರು ಮಂಡಿ ವ್ಯಾಪಾರಿಗಳಿದ್ದರು. ರೌಫ್ ಪಟ್ಟಿ ನೋಡಿದ, ಅವಳನ್ನು ನೋಡಿದ, ವೇದಿಕೆಯ ಪಕ್ಕದ ಮಂಡಕ್ಕಿ ಚೀಲ ನೋಡಿದ. ಇಪ್ಪತ್ತು ವರ್ಷ ಜನರಿಗೆ ಬಿರುದು ಹಂಚಿದ ನಾಲಿಗೆ ತಾನಾಗಿ ಹೊರಳಿತು.

"ಈಗ, ಇಂದಿನ ಸಮಾರಂಭಕ್ಕೆ ಬಂದ ಸಮಸ್ತರಿಗೂ ತಮ್ಮ ಕೈಯಾರೆ ಹುರಿದ ಮಂಡಕ್ಕಿಯನ್ನು ಉಚಿತವಾಗಿ ನೀಡಿದ ಕೊಡುಗೈ ದಾನಿ, ಶ್ರೀಮತಿ ಮಾಬೂಬಿಯವರಿಗೆ ಸನ್ಮಾನ."

ಮೈದಾನ ಚಪ್ಪಾಳೆ ತಟ್ಟಿತು. ಗವರ್ನರ್‌ಗೆ ಊರು ಹೊಸದು, ಕೈಗೆ ಸಿಕ್ಕ ಶಾಲು ತೆಗೆದು ಅವಳಿಗೆ ಹೊದಿಸಿ, ತೆಂಗಿನಕಾಯಿ ಕೊಟ್ಟು ಕೈಮುಗಿದ. ಪಂಚಾಕ್ಷರಪ್ಪ ಬೆಪ್ಪಾಗಿ ಕಲ್ಲೇಶಪ್ಪನವರ ಮುಖ ನೋಡಿದರು. ಫೋಟೋದವನು ಮಿಂಚು ಹೊಡೆದ. ಅವತ್ತು ರೌಫ್‌ನಷ್ಟು ಖುಷಿಯ ಮನುಷ್ಯ ದಾವಣಗೆರೆಯಲ್ಲಿ ಇನ್ನೊಬ್ಬನಿರಲಿಲ್ಲ. ಮನೆಗೆ ಬಂದು ಹೆಂಡತಿ ಗುಲ್ಷನ್‌ಗೆ ಹೇಳಿದರೆ ಅವಳು ರೊಟ್ಟಿ ತಟ್ಟುತ್ತಲೇ ಕೇಳಿದಳು, "ಸೂರು?"

"ನಾಳೆ ಇಸ್ಕಂತೀನಿ. ಪಟ್ಟಿಯಾಗೆ ಹೆಸ್ರು ಐತಲ್ಲ."

ಮರುದಿನ ಹೋದರೆ ಪಟ್ಟಿಯಿಂದ ಹೆಸರು ಹೊಡೆದುಹಾಕಿದ್ದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ಕಲ್ಲೇಶಪ್ಪ. ಅವರು ಮಿನಿಟ್ಸ್ ಪುಸ್ತಕ ತೆಗೆದು ತೋರಿಸಿದರು. "ನೋಡು ಸಾಬ, ಗವರ್ನರ್ ಸಾಹೇಬ್ರ ಸೈನ್ ಆಗೈತೆ. ಬೆನಿಫಿಷಿಯರಿ ಆರು, ಡೋನರ್ ಒಂದು. ಡೋನರ್‌ಗೆ ರಿಲೀಫ್ ಕೊಡಾಕೆ ರೂಲ್ಸ್‌ನಾಗೆ ಎಲ್ಲೈತೆ?"

"ನೀವೇ ಹೋಗಿ ನೋಡ್ಬರ್ರಿ, ಆ ಮನೆಗೆ ಮಾಡು ಇಲ್ರಿ."

"ಇಲ್ದೆ ಇರಬಹುದು. ಆದ್ರೆ ಮಿನಿಟ್ಸ್‌ನಾಗೆ ಐತೆ."

ಹತ್ತು ತಗಡಿನ ವಿಷಯ ಮುಂದಿನ ಭಾನುವಾರದ ಸಭೆಗೆ ಬಂತು. ವಿಧವೆಗೇ ಕೊಡಬೇಕೆಂದು ದಾನಿಯ ಷರತ್ತು, ಸಂತ್ರಸ್ತರ ಪಟ್ಟಿಯಲ್ಲಿ ವಿಧವೆಯೇ ಇಲ್ಲ. ಇದ್ದೊಬ್ಬಳು ದಾನಿಯಾಗಿ ಬಡ್ತಿ ಪಡೆದಿದ್ದಾಳೆ. ಷರತ್ತು ಮುರಿಯುವುದು ಧರ್ಮವಲ್ಲ, ತಗಡು ಬಿಸಿಲಿಗೆ ಬಿದ್ದಿರುವುದೂ ಸರಿಯಲ್ಲ ಎಂದು ಚರ್ಚಿಸಿ, ಎರಡನೆಯ ದೋಸೆ ಮುಗಿಯುವಷ್ಟರಲ್ಲಿ, ಅವನ್ನು ಕ್ಲಬ್ಬಿನ ಸೈಕಲ್ ಸ್ಟ್ಯಾಂಡಿಗೆ ಹೊದಿಸಲು ಒಮ್ಮತದಿಂದ ತೀರ್ಮಾನಿಸಿದರು. ಮೊಳೆ ಮತ್ತು ಕೂಲಿ ಪಂಚಾಕ್ಷರಪ್ಪನವರು ಕೊಟ್ಟರು. ಆದ್ದರಿಂದ ರಸ್ತೆಗೆ ಕಾಣುವಂತೆ ಇಳಿಜಾರು ತಗಡಿನ ಮೇಲೆ ಮೊಳದುದ್ದದ ಕೆಂಪು ಅಕ್ಷರದಲ್ಲಿ "ದಾನಿಗಳು: ಶ್ರೀ ಪಂಚಾಕ್ಷರಪ್ಪನವರು" ಎಂದು ಬರೆಸಲಾಯಿತು. ಯಾರದೋ ದುಡ್ಡು, ಎಲ್ಲಮ್ಮನ ಜಾತ್ರೆ.

ರೌಫ್ ಒಂದು ತಿಂಗಳು ಚೌಕಿಪೇಟೆಗೂ ಹತ್ತಿ ಮಂಡಿಗೂ ಓಡಾಡಿದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿಟ್ಟಿದ್ದ. ಮಾಬೂಬಿ ಒಂದು ದಿನವೂ ಅವನನ್ನು ಬೈಯಲಿಲ್ಲ, ಅದೇ ಅವನಿಗೆ ಹೆಚ್ಚು ಉರಿಯಿತು. ಶಾಲನ್ನು ಅವಳು ಗೋಣಿಚೀಲದ ತೂತಿಗೆ ಅಡ್ಡ ಕಟ್ಟಿದ್ದಳು. ಮೇ ಬಂತು, ಸಂಜೆ ಹೊತ್ತು ಮೋಡ ಕಟ್ಟಲು ಶುರುವಾಯಿತು.

ಮದುವೆಗೆ ಹದಿನೈದು ದಿನವಿದ್ದಾಗ ಹಯಾತ್ ಸಾಬ್ ಹರಿಹರದಿಂದ ಬಸ್ಸಿಗೆ ಬಂದರು. ಈ ಸಲ ಮಾಬೂಬಿಗೆ ಓಣಿಯ ಬಾಯಿಯಲ್ಲಿ ತಡೆಯಲು ಆಗಲಿಲ್ಲ. ಅವರು ನೆಟ್ಟಗೆ ಒಳಗೆ ಬಂದು, ಕೂರದೆ, ತಲೆಯೆತ್ತಿ ನೋಡಿದರು. ಸುಟ್ಟ ಬಿದಿರು, ಗೋಣಿಚೀಲ, ಶಾಲು, ಅದರಾಚೆ ಮೋಡ. ಮಾಬೂಬಿ ಗೋಡೆಗೆ ಒರಗಿ ನಿಂತುಬಿಟ್ಟಳು. ಮುಮ್ತಾಜ್ ಓಡಿಹೋಗಿ ರೌಫ್‌ನನ್ನು ಕರೆತಂದಳು.

"ತಗಡು ಎಲ್ಲಿ?" ಎಂದರು ಹಯಾತ್ ಸಾಬ್.

"ಯಾವ ತಗಡು?" ಎಂದಳು ಮಾಬೂಬಿ.

ಅವರು ಆಗ ಕೂತರು. ಬಹಳ ಮಾತಿನ ಮನುಷ್ಯರಲ್ಲ, ಒಂದೊಂದೇ ಮಾತು ಹುಡುಕಿ ಹೇಳಿದರು. "ನಮ್ಮ ಆಳು ಓಣಿ ಬಾಯಿಂದಾನೇ ಕಂಡಿದ್ದ, ಸುಟ್ಟೈತಿ ಅಂತ ಅವತ್ತೇ ಗೊತ್ತಾತು. ನೀವು ಇಲ್ಲ ಅಂತ ಹೇಳಿ ಕಳ್ಸಿದ್ರಿ. ನಾನು ತಂದ್ಕೊಟ್ರೆ ನಿಮಗೆ ಕಷ್ಟ ಆಗ್ತೈತೆ. ಬೀಗರ ಕೈಯಾಗಿಂದ ಹೆಂಗ ತಗಂತೀರಿ. ಕ್ಲಬ್ಬಿನೋರ ಕೈಯಿಂದ ಬಂದ್ರೆ ಯಾರು ಕೊಟ್ರು ಅಂತ ಗೊತ್ತಾಗಂಗಿಲ್ಲ, ನಿಮ್ಮ ಮನಸ್ಸಿಗೂ ಹತ್ತಂಗಿಲ್ಲ. ಅದಕ್ಕ ಹತ್ತು ತಗಡು ಕಳ್ಸಿದ್ದೆ. ಹೆಸ್ರು ಹೇಳಬ್ಯಾಡ್ರಿ ಅಂದಿದ್ದೆ."

ಮಾಬೂಬಿಯ ಕಣ್ಣಿಂದ ನೀರು ಇಳಿಯಿತು, ಅವಳು ಒರೆಸಿಕೊಳ್ಳಲಿಲ್ಲ. "ನಿಮಗ ಗೊತ್ತಾಗಬಾರ್ದು ಅಂತ ನಾನು ಸೂರು ಬಿಟ್ಟೆ" ಎಂದಳು. ಅಷ್ಟೇ.

ರೌಫ್‌ಗೆ ನೆಲ ಬಿರಿದು ನುಂಗಬಾರದೇ ಎನ್ನಿಸಿತು. ಹೆಸರು ಬೇಡವೆಂದವನನ್ನು ಕಳ್ಳ ಎಂದುಕೊಂಡಿದ್ದ. ಹೆಸರು ಬೇಡವೆಂದವಳ ಹೆಸರನ್ನು ಇಡೀ ಮೈದಾನಕ್ಕೆ ಕೂಗಿದ್ದ. ಅವನ ವಿದ್ಯೆಯಲ್ಲಿ ಸುಮ್ಮನಿರುವುದು ಎಂಬ ಪಾಠವೇ ಇರಲಿಲ್ಲ. ತಲೆ ತಗ್ಗಿಸಿ ಇಬ್ಬರ ಮುಂದೆಯೂ ಎಲ್ಲವನ್ನೂ ಹೇಳಿದ, ಸೈಕಲ್ ಸ್ಟ್ಯಾಂಡಿನ ತನಕ.

"ಹೋಗ್ಲಿ ಬಿಡಪ್ಪ, ಬ್ಯಾರೆ ಕಳಿಸ್ತೀನಿ" ಎಂದರು ಹಯಾತ್ ಸಾಬ್.

"ಬ್ಯಾಡ್ರಿ. ಅವೇ ಬರ್ತಾವೆ" ಎಂದ ರೌಫ್.

ಆ ಭಾನುವಾರ ಕ್ಲಬ್ಬಿನಲ್ಲಿ ದೋಸೆಯ ಹೊತ್ತಿಗೆ ಸರಿಯಾಗಿ ರೌಫ್ ಜಟಕಾವನ್ನು ಸೈಕಲ್ ಸ್ಟ್ಯಾಂಡಿನ ಮುಂದೆ ತಂದು ನಿಲ್ಲಿಸಿದ. ಒಂದು ಹಾರ್ನನ್ನು ಕ್ಲಬ್ಬಿನ ಬಾಗಿಲಿಗೂ ಇನ್ನೊಂದನ್ನು ಪೇಟೆಗೂ ತಿರುಗಿಸಿದ. "ಹಲೋ, ಹಲೋ, ಮಹಾಜನಗಳೇ" ಎಂದ. ಆಮೇಲೆ ಸುಮ್ಮನಾದ.

ರೌಫ್‌ನ ಮೈಕು ಆನ್ ಇದ್ದೂ ಸುಮ್ಮನಿದ್ದುದನ್ನು ಆ ಊರು ಕಂಡಿರಲಿಲ್ಲ. ತರಕಾರಿಯವರು ತಕ್ಕಡಿ ಕೆಳಗಿಟ್ಟರು. ಹೋಟೆಲಿನಿಂದ ಜನ ಲೋಟ ಹಿಡಿದೇ ಹೊರಬಂದರು. ಐದು ನಿಮಿಷದಲ್ಲಿ ಐವತ್ತು ಜನ ಸೇರಿ, ಅವನ ಬಾಯಿಯನ್ನೂ, ಅವನು ನೋಡುತ್ತಿದ್ದ ಕೆಂಪು ಅಕ್ಷರಗಳನ್ನೂ ನೋಡತೊಡಗಿದರು. ಪಂಚಾಕ್ಷರಪ್ಪ ಬೆಣ್ಣೆ ಕೈಯಲ್ಲೇ ಈಚೆ ಬಂದರು.

"ಏನೋ ರೌಫಾ, ಏನ್ ಪ್ರೋಗ್ರಾಮು?"

ರೌಫ್ ಮೈಕಿಗೆ ಅಂಗೈ ಮುಚ್ಚಿ, ತಗ್ಗಿದ ದನಿಯಲ್ಲಿ ಹೇಳಿದ, "ಹರಿಹರದ ದಾನಿಗಳು ಬಂದಿದ್ರು ಸಾಹುಕಾರ್ರೆ. ತಗಡು ಯಾರವು ಅಂತ ಈಗ ಹೇಳ್ಬಹುದಂತೆ. ಅವು ಎಲ್ಲಿ ಅದಾವೆ ಅಂತ ಜನ ಕೇಳ್ತಾರೆ, ಏನ್ ಹೇಳ್ಲಿ?"

ಹಾಗೆ ಯಾರೂ ಹೇಳಿರಲಿಲ್ಲ. ಸುಳ್ಳು ಹೇಳುವುದು ರೌಫ್‌ಗೆ ಹೊಸದಲ್ಲ, ಆದರೆ ಕೂಲಿಯಿಲ್ಲದೆ ಹೇಳಿದ ಸುಳ್ಳು ಇದೊಂದೇ.

ಪಂಚಾಕ್ಷರಪ್ಪ ಗುಂಪನ್ನು ನೋಡಿದರು, ತಮ್ಮ ಹೆಸರನ್ನು ನೋಡಿದರು. ಜೀವನದಲ್ಲಿ ಮೊದಲ ಸಲ ಅದು ಇಷ್ಟು ದೊಡ್ಡದಾಗಿ ಇರಬಾರದಿತ್ತು ಎನ್ನಿಸಿರಬೇಕು. "ಅವಸರ ಬ್ಯಾಡೋ. ತಗಡು ಇಲ್ಲಿ ಸುಮ್ನ ಇಟ್ಟಿದ್ವಿ. ಮಳೆಗೆ ಸೋರ್ತಾವೋ ಹೆಂಗೆ ಅಂತ ನೋಡಾಕೆ."

"ಅಧ್ಯಕ್ಷರೆ, ರೆಸೊಲ್ಯೂಷನ್ ಪಾಸಾಗೈತೆ, ಮಿನಿಟ್ಸ್‌ನಾಗೆ" ಎಂದು ಕಲ್ಲೇಶಪ್ಪ ಹಿಂದಿನಿಂದ ಶುರುಮಾಡಿದರು.

"ಮಿನಿಟ್ಸು ನಿನ್ ಜೇಬಿನಾಗ ಇಟ್ಗ ಕಲ್ಲೇಶಿ" ಎಂದರು ಪಂಚಾಕ್ಷರಪ್ಪ, ಇನ್ನೂ ರೌಫ್‌ನ ಅಂಗೈಯನ್ನೇ ನೋಡುತ್ತ.

ಮಧ್ಯಾಹ್ನದೊಳಗೆ ಹತ್ತೂ ತಗಡು ಭಟ್ಟಿಯ ಓಣಿಗೆ ಬಂದವು. ಮರುದಿನ ಹಯಾತ್ ಸಾಬ್ ತಮ್ಮ ಸಾಮಾನಿನ ಚೀಲ ತಂದು ತಾವೇ ಮೇಲೆ ಹತ್ತಿ ತಗಡು ಹೊಡೆದರು. ಈಗ ಬೀಗರ ಕೈಯಿಂದ ತೆಗೆದುಕೊಳ್ಳುವುದು ಹೇಗೆ ಎಂದು ಮಾಬೂಬಿ ಕೇಳಲಿಲ್ಲ, ಕೆಳಗೆ ನಿಂತು ಮೊಳೆ ಎತ್ತಿ ಕೊಟ್ಟಳು. ಕೆಂಪು ಬಣ್ಣ ಕೆರೆಯಲು ಹೊತ್ತಿರಲಿಲ್ಲ. "ಇರ್ಲಿ, ಮ್ಯಾಲ್ಮುಖ ಮಾಡಿ ಹೊಡೀತೀನಿ. ಓದೋ ಕಾಗೆ ಓದ್ಕಳ್ಲಿ" ಎಂದರು ಹಯಾತ್ ಸಾಬ್. ಅವರ ಬಾಯಿಂದ ಬಂದ ತಮಾಷೆ ಅದೊಂದೇ ಎಂದು ಅವರ ಮಗ ಆಮೇಲೆ ಹೇಳುತ್ತಿದ್ದ.

ಮದುವೆಯ ದಿನ ನಿಕಾಹ್ ಮುಗಿದು ಊಟಕ್ಕೆ ಕೂರುವ ಹೊತ್ತಿಗೆ, ಯಾರೂ ಕರೆಯದಿದ್ದರೂ, ಕ್ಲಬ್ಬಿನವರು ಹಾರ ಹಿಡಿದು ಬಂದರು. ವರದಕ್ಷಿಣೆಯಿಲ್ಲದ ಆದರ್ಶ ವಿವಾಹ, ನಮ್ಮ ಕ್ಲಬ್ಬಿನ ಸೂರಿನಡಿ, ಎರಡು ಮಾತಾಡದೆ ಹೋದರೆ ಹೇಗೆ ಎಂದರು ಪಂಚಾಕ್ಷರಪ್ಪ. ಫೋಟೋದವನೂ ಬಂದಿದ್ದ. ರೌಫ್ ಮರುಮಾತಾಡದೆ ಮೈಕು ಕೈಗೆ ಕೊಟ್ಟ. ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು "ಬಂಧುಗಳೇ" ಎನ್ನುವುದಕ್ಕೂ, ಎರಡು ವಾರದಿಂದ ಕಟ್ಟಿದ್ದ ಮೋಡ ಒಡೆಯುವುದಕ್ಕೂ ಸರಿಹೋಯಿತು.

ಓಣಿಯ ಚಪ್ಪರದಲ್ಲಿದ್ದವರೆಲ್ಲ, ಮೈಕು ಹಿಡಿದ ಅಧ್ಯಕ್ಷರೂ ಸೇರಿ, ಒಳಗೆ ನುಗ್ಗಿದರು. ಹೊಸ ತಗಡಿನ ಮೇಲೆ ಮಳೆ ಬಿದ್ದರೆ ಆಗುವ ಸದ್ದು, ಅದರ ಕೆಳಗೆ ಕೂತವರಿಗೇ ಗೊತ್ತು. ಪಂಚಾಕ್ಷರಪ್ಪನವರ ತುಟಿ ಆಡುತ್ತಿತ್ತು, ಕೈ ಎದ್ದು ಇಳಿಯುತ್ತಿತ್ತು, ಒಂದಕ್ಷರ ಯಾರಿಗೂ ಕೇಳಲಿಲ್ಲ. ಅವರು ಮಾತು ನಿಲ್ಲಿಸಿ, ದನಿ ಏರಿಸು ಎಂದು ರೌಫ್‌ಗೆ ಸನ್ನೆ ಮಾಡಿದರು. ರೌಫ್ ಅವರ ಕಿವಿಯ ಹತ್ತಿರ ಬಾಗಿ, "ಫುಲ್ ಐತ್ರಿ ಸಾಹುಕಾರ್ರೆ, ಇದರ ಮ್ಯಾಲೆ ಇಲ್ಲ" ಎಂದ. ಅದು ನಿಜವೇ ಆಗಿತ್ತು. ಅವರು ಪೂರ್ತಿ ಅರ್ಧ ಗಂಟೆ ಮಾತಾಡಿದರು.

ಮಾಬೂಬಿ ಅವರ ಕಡೆ ನೋಡಲೇ ಇಲ್ಲ. ಮದುಮಗಳ ಪಕ್ಕ ನಿಂತು, ಕುತ್ತಿಗೆ ಎತ್ತಿ, ತಗಡು ತಗಡಿಗೆ ಸೇರುವ ಕಡೆಯನ್ನೆಲ್ಲ ಒಂದೊಂದಾಗಿ ನೋಡಿದಳು. ನಾಲ್ಕು ಮೂಲೆಯನ್ನೂ ನೋಡಿದಳು. ಆಮೇಲೆ ಅಂಗೈ ಮೇಲೆ ಮಾಡಿ ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡು ನಿಂತಳು. ಒಂದು ಹನಿಯೂ ಬೀಳಲಿಲ್ಲ.